ವಾಚು ಮಾರುವವನು ಹೂಡಿದ ದಂಗೆ, ನಮ್ಮ ಮೈಸೂರು ಚಲೋ

ನಾನಿರುವ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಮಾರ್ಚ್ 1 ರಜೆ. ಪಕ್ಕದ ಬರ್ನ್‌ನವರಿಗೆ ಅವತ್ತು ಮಾಮೂಲಿ ಕೆಲಸ. 1848ರಲ್ಲಿ ಇಲ್ಲಿನ ಜನ ರಾಜನ ಆಳ್ವಿಕೆಯನ್ನು ಕಿತ್ತೊಗೆದ ದಿನ ಅದು.

ಸ್ವಿಸ್ ನಾಡಲ್ಲಿ ರಾಜನೇ? ಹೌದು. 1707ರಿಂದ ಇದು ಪ್ರಷ್ಯದ, ಅಂದರೆ ಬರ್ಲಿನ್ನಿನಿಂದ ಆಳುತ್ತಿದ್ದ ಜರ್ಮನ್ ರಾಜ್ಯದ, ದೊರೆಗಳ ಸಂಸ್ಥಾನ. ನಡುವೆ ಕೆಲವು ವರ್ಷ ನೆಪೋಲಿಯನ್ ಕಿತ್ತುಕೊಂಡಿದ್ದ. ಅವನು ಸೋತ ಮೇಲೆ ನ್ಯೂಶಾಟೆಲ್ ಸ್ವಿಸ್ ಒಕ್ಕೂಟಕ್ಕೂ ಸೇರಿತು, ಬರ್ಲಿನ್ನಿನ ದೊರೆಯ ಕೈಗೂ ವಾಪಸ್ ಹೋಯಿತು. ಮೈಸೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1947ರ ಆಗಸ್ಟಿನಲ್ಲಿ ನಾವೂ ಭಾರತಕ್ಕೆ ಸೇರಿದ್ದೆವು, ಆಡಳಿತ ಮಾತ್ರ ಅರಮನೆಯ ಕೈಲೇ ಇತ್ತು.

1831ರಲ್ಲಿ ಎರಡು ಸಲ ದಂಗೆ ಎದ್ದು ಸೋತಿದ್ದರು. 1848ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನ ದೊರೆ ಓಡಿಹೋದ ಸುದ್ದಿ ಬಂತು. 29ರಂದು ಲೆ ಲೋಕ್ಲ್ ಊರು ಎದ್ದಿತು. ಮರುದಿನ ಲಾ ಶೋ ದ ಫಾಂಡ್‌ನಿಂದ ಜನರ ದಂಡು ಹೊರಟಿತು. ಮುಂದಾಳು ಫ್ರಿಟ್ಸ್ ಕೂರ್ವಾಸಿಯೇ, ವಾಚಿನ ವ್ಯಾಪಾರಿ. ಸಾವಿರ ಮೀಟರ್ ಎತ್ತರದ ಊರಿಂದ ಇನ್ನೂ ಮೇಲೆ ಹತ್ತಿ, ಹಿಮ ತುಳಿದು ಕಣಿವೆ ದಾಟಿ, ಕೆರೆಯಂಚಿನ ನ್ಯೂಶಾಟೆಲ್‌ಗೆ ಇಳಿಯಬೇಕು. ಸುಮಾರು 20 ಕಿ.ಮೀ. ಸಂಜೆಗೆ ಕೋಟೆ ಅವರ ಕೈಲಿತ್ತು. ರಕ್ತ ಹರಿಯಲಿಲ್ಲ. ಪ್ರಷ್ಯದ ದೊರೆ ತನ್ನ ಹಕ್ಕು ಬಿಟ್ಟುಕೊಟ್ಟಿದ್ದು 1857ರಲ್ಲಿ, ಅದೂ ಅವನ ಕಡೆಯವರು ಹಿಂದಿನ ವರ್ಷ ಕೋಟೆ ವಾಪಸ್ ಹಿಡಿಯಲು ಹೋಗಿ ಸೋತ ಮೇಲೆ.

ವಾಚಿನವರೇ ಯಾಕೆ ಮುಂದೆ ಬಂದರು? ನನಗನ್ನಿಸುವುದು ಇಷ್ಟು. ಬೆಟ್ಟದೂರುಗಳಲ್ಲಿ ಈ ಕೆಲಸ ಮನೆಮನೆಯಲ್ಲೇ ನಡೆಯುತ್ತಿತ್ತು. ಕಿಟಕಿ ಪಕ್ಕ ಮೇಜು, ಒಬ್ಬ ಒಂದೇ ಬಿಡಿಭಾಗ ಮಾಡುವವನು. ತಲೆ ಮೇಲೆ ಮೇಸ್ತ್ರಿ ಇಲ್ಲ. ಮಾಲು ಹೊರದೇಶಕ್ಕೆ ಹೋಗುತ್ತಿತ್ತು, ಅಲ್ಲಿನ ಸುದ್ದಿ ಇಲ್ಲಿಗೆ ಬರುತ್ತಿತ್ತು. ಅಂಥವರಿಗೆ ದೂರದ ದೊರೆ ಯಾಕೆ ಬೇಕು ಅಂತ ಅನ್ನಿಸದೇ ಇರುತ್ತಾ?

ನಮ್ಮ ಕಥೆ ಅಷ್ಟು ಸಲೀಸಲ್ಲ. ನಮ್ಮ ರಾಜ ಬರ್ಲಿನ್ನಿನಲ್ಲಿರಲಿಲ್ಲ, ದಸರೆಯಲ್ಲಿ ಕಣ್ಣೆದುರೇ ಅಂಬಾರಿ ಮೇಲೆ ಬರುತ್ತಿದ್ದ. ಅದಕ್ಕೇ ಸಿಟ್ಟೆಲ್ಲ ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರ ಮೇಲೆ ತಿರುಗಿತು: ‘ಆರ್ಕಾಟ್ ಬಾಯ್ಕಾಟ್’! ಜನರ ಸರ್ಕಾರ ಬೇಕೆಂದು 1947ರ ಸೆಪ್ಟೆಂಬರ್ 1ಕ್ಕೆ ಶುರುವಾದ ‘ಮೈಸೂರು ಚಲೋ’ ಚಳವಳಿಯ ಬೇಡಿಕೆಗೆ ಅಕ್ಟೋಬರಿನಲ್ಲಿ ಮಹಾರಾಜರು ಒಪ್ಪಿದರು, ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಆದರೆ ನಮ್ಮಲ್ಲಿ ರಕ್ತ ಹರಿಯಿತು. ಧ್ವಜ ಹಾರಿಸಲು ಹೋದ ವಿದ್ಯಾರ್ಥಿ ರಾಮಸ್ವಾಮಿ ಮೈಸೂರಿನಲ್ಲಿ ಗುಂಡಿಗೆ ಬಲಿಯಾದ. ಈಗ ರಾಮಸ್ವಾಮಿ ಸರ್ಕಲ್ ಅಂದರೆ ಆಟೋದವರಿಗೂ ಗೊತ್ತು. ಯಾವ ರಾಮಸ್ವಾಮಿ ಅಂತ ಕೇಳಿ ನೋಡಿ.

ಕೂರ್ವಾಸಿಯೇಗೂ ಲಾ ಶೋ ದ ಫಾಂಡ್‌ನಲ್ಲಿ ಒಂದು ಬೀದಿ ಇದೆ. ಅದರಿಂದೇನೂ ಆಗಿಲ್ಲ, ಬೀದಿ ಹೆಸರು ವಿಳಾಸ ಬರೆಯೋಕೆ ಅಷ್ಟೇ. ಅವನ ದಿನ ಉಳಿದಿರುವುದು ಜನ ನಡೆಯುವುದರಿಂದ. ಪ್ರತಿ ಮಾರ್ಚ್ 1ಕ್ಕೆ ಬೆಟ್ಟದ ಊರುಗಳಿಂದ ಕೋಟೆವರೆಗೆ ಜನ ಅದೇ ದಾರಿ ಹಿಡಿಯುತ್ತಾರೆ. ಕಾಲು ನೋಯಿಸಿಕೊಂಡವರಿಗೆ ಇತಿಹಾಸ ಜಾಸ್ತಿ ನೆನಪಿರುತ್ತದೆ.

ಶ್ರೀರಂಗಪಟ್ಟಣದಿಂದ ಅರಮನೆಗೆ ಹದಿನೈದು ಕಿ.ಮೀ. ಚಿಲ್ಲರೆ. ಸೆಪ್ಟೆಂಬರ್ 1ಕ್ಕೆ ನಾವೂ ನಡೆಯಬಹುದಲ್ವಾ? ಸರ್ಕಾರಕ್ಕೆ ಬಿಟ್ಟರೆ ಶಾಮಿಯಾನ ಹಾಕಿ, ಭಾಷಣ ಮಾಡಿ, ಶಾಲು ಹೊದಿಸಿ ಮುಗಿಸಿಬಿಡುತ್ತಾರೆ. ಕಾಲೇಜು ಹುಡುಗರು ಹೊರಟರೆ ಸಾಕು.