ದೇವರ ಜಗಳ ಅಲ್ರಪ್ಪಾ, ಮನೆ ಹಂಚಿಕೆ ಜಗಳ

ಬೆಳಿಗ್ಗೆ ಒಗ್ಗಾಣಿ-ಮಿರ್ಚಿ ತಿನ್ನೋಣ ಅಂತ ಕೂತರೆ ಪಕ್ಕದ ಟೇಬಲ್ಲಿನಲ್ಲಿ ಕೆಎಎಸ್‌ಗೆ ಓದೋ ಹುಡುಗರು ಜೋರಾಗಿ ನೋಟ್ಸ್ ಒಪ್ಪಿಸ್ತಿದ್ರು. 'ಉತ್ತರ ಐರ್ಲೆಂಡ್. ಕಾರಣ: ಕ್ಯಾಥಲಿಕ್-ಪ್ರಾಟೆಸ್ಟೆಂಟ್ ಧರ್ಮದ್ವೇಷ. ಅವಧಿ: 30 ವರ್ಷ. ಪರಿಹಾರ: 1998ರ ಒಪ್ಪಂದ.' ಮುಗೀತು. ಮೂರೂವರೆ ಸಾವಿರಕ್ಕೂ ಹೆಚ್ಚು ಹೆಣ, ಮೂರು ಸಾಲು. ನನ್ನ ಸಿಟ್ಟು ನಿಮಗೆಲ್ಲ ಗೊತ್ತಿದ್ದದ್ದೇ. ಅದಕ್ಕೇ ಅಲ್ಲಿ ಬಾಯಿ ಮುಚ್ಕೊಂಡು ಎದ್ದು ಬಂದು ಇಲ್ಲಿ ಕಾರ್ತಿದ್ದೀನಿ.

ಬಳ್ಳಾರಿಯವರಿಗೇ ಇದು ತಿಳೀದಿದ್ರೆ ಇನ್ಯಾರಿಗೆ ತಿಳೀಬೇಕು? 1953ರಲ್ಲಿ ನಮ್ಮ ಜಿಲ್ಲೆಯನ್ನ ತಾಲ್ಲೂಕುವಾರು ಎಣಿಸಿ ಹರಿದ್ರಲ್ಲ! ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಗೆರೆ ಎಲ್ಲಿ ಬೀಳ್ತದೋ ಅದರ ಮೇಲೆ ಯಾರು ಬಹುಸಂಖ್ಯಾತರು ಅನ್ನೋದು ನಿಲ್ತದೆ. ಐರ್ಲೆಂಡನ್ನ ಎರಡು ಪಾಲು ಮಾಡಿದ ಬ್ರಿಟನ್ನಿನ 1920ರ ಕಾಯ್ದೆ ಮಾಡಿದ್ದೂ ಇದನ್ನೇ. ಬ್ರಿಟನ್ ಜೊತೆಗೇ ಇರಬೇಕು ಅಂದವರು ಹೆಚ್ಚಾಗಿ ಪ್ರಾಟೆಸ್ಟೆಂಟರು, ಬೇಡ ಅಂದವರು ಹೆಚ್ಚಾಗಿ ಕ್ಯಾಥಲಿಕರು. ಉತ್ತರದ ಅಲ್‌ಸ್ಟರ್ ಪ್ರಾಂತ್ಯದಲ್ಲಿ 9 ಕೌಂಟಿ, ಅಂದ್ರೆ ಜಿಲ್ಲೆ. ಒಂಬತ್ತನ್ನೂ ಇಟ್ಕೊಂಡ್ರೆ ಪ್ರಾಟೆಸ್ಟೆಂಟರ ಬಹುಮತ ತೀರಾ ತೆಳು. ಡೊನೆಗಾಲ್, ಕ್ಯಾವನ್, ಮೊನಾಹನ್ ಬಿಟ್ಟು 6 ಇಟ್ಕೊಂಡ್ರೆ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು. ಆರನ್ನೇ ಇಟ್ಕೊಂಡ್ರು, ಅದೇ ಉತ್ತರ ಐರ್ಲೆಂಡ್. ಬೈಬಲ್ ನೋಡಿ ಮಾಡಿದ್ದಲ್ಲ, ಜನಗಣತಿ ನೋಡಿ ಮಾಡಿದ್ದು.

ಆದರೆ ಆ ಆರರೊಳಗೇ ಡೆರಿಯಂಥ ಊರಿತ್ತು, ಕ್ಯಾಥಲಿಕರೇ ಹೆಚ್ಚು. ಅಲ್ಲಿ ಮುನಿಸಿಪಾಲ್ಟಿ ಹೆಂಗೆ ಹಿಡಿದಿಟ್ಟುಕೊಂಡ್ರು ನೋಡ್ರಿ, ನಮ್ಮ ವಾರ್ಡ್ ವಿಂಗಡಣೆ ಪ್ರವೀಣರೂ ಕೈ ಮುಗೀಬೇಕು. 1967ರ ಲೆಕ್ಕ: ಕ್ಯಾಥಲಿಕ್ ಮತದಾರರು 14,429, ಉಳಿದವರು 8,781. ಊರಿಗೆ ಮೂರೇ ವಾರ್ಡು. ದಕ್ಷಿಣ ವಾರ್ಡಿಗೆ 10,047 ಕ್ಯಾಥಲಿಕರನ್ನ ತುಂಬಿ 8 ಸೀಟು ಕೊಟ್ರು. ಉತ್ತರ ವಾರ್ಡಿನಲ್ಲಿ 3,946 ಪ್ರಾಟೆಸ್ಟೆಂಟರು, 2,530 ಕ್ಯಾಥಲಿಕರು. ಅಲ್ಲೂ 8 ಸೀಟು. ವಾಟರ್‌ಸೈಡ್ ವಾರ್ಡಿನಲ್ಲಿ 3,697 ಪ್ರಾಟೆಸ್ಟೆಂಟರು, 1,852 ಕ್ಯಾಥಲಿಕರು, ಅಲ್ಲಿ 4. ಕೂಡಿಸಿ: ಪ್ರಾಟೆಸ್ಟೆಂಟ್ ಕಡೆಗೆ 12, ಕ್ಯಾಥಲಿಕ್ ಕಡೆಗೆ 8, ಊರಿನ ಅಲ್ಪಸಂಖ್ಯಾತರ ಆಡಳಿತ. ಓಟು ಕದಿಯೋದು ಬೇಕಾಗಿಲ್ಲ, ಓಟನ್ನ ಒಂದೇ ಗೋಣಿಚೀಲಕ್ಕೆ ತುಂಬಿದ್ರೆ ಸಾಕು.

ಈಗ ಅಸಲು ವಿಷಯಕ್ಕೆ ಬರ್ರಿ. ಸ್ಥಳೀಯ ಚುನಾವಣೆಯಲ್ಲಿ ವಯಸ್ಕರಿಗೆಲ್ಲ ಓಟಿರಲಿಲ್ಲ. ಮನೆಯ ಮಾಲೀಕ ಅಥವಾ ಬಾಡಿಗೆದಾರ, ಅವರ ಹೆಂಡತಿ ಅಥವಾ ಗಂಡ, ಅಷ್ಟೇ. ಅದೇ ಮನೆಯ ಬೆಳೆದ ಮಕ್ಕಳಿಗೆ, ಒಳಬಾಡಿಗೆಯವರಿಗೆ ಇಲ್ಲ. ಕಂಪನಿಗಳಿಗೆ ಮಾತ್ರ ಆಸ್ತಿಯ ಬೆಲೆ ನೋಡಿ 6ರವರೆಗೆ ಹೆಚ್ಚುವರಿ ಓಟು! ಹಿಂಗಾಗಿ ಕೌನ್ಸಿಲ್ ಒಂದು ಮನೆ ಮಂಜೂರು ಮಾಡಿದ್ರೆ ಎರಡು ಓಟು ಮಂಜೂರು ಮಾಡಿದಂಗೆ. ಕ್ಯಾಥಲಿಕರಿಗೆ ಮನೆ ಕೊಡಲೇಬೇಕಾದ್ರೆ ದಕ್ಷಿಣ ವಾರ್ಡಿನಲ್ಲೇ ಕೊಡು. ಅಲ್ಲಿ ಜಾಗ ತೀರಿತಾ, ಕಟ್ಟೋದೇ ನಿಲ್ಲಿಸು. ಆಶ್ರಯ ಮನೆ ಪಟ್ಟಿಯಲ್ಲಿ ಹೆಸರು ಹುಡುಕಿ ಬೇಸತ್ತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

1968ರ ಜೂನಿನಲ್ಲಿ ಕ್ಯಾಲಿಡನ್ ಅನ್ನೋ ಹಳ್ಳಿಯಲ್ಲಿ ಮದುವೆಯಾಗದ 19ರ ಪ್ರಾಟೆಸ್ಟೆಂಟ್ ಹುಡುಗಿಗೆ ಕೌನ್ಸಿಲ್ ಮನೆ ಸಿಕ್ಕಿತು, ಪಕ್ಕದ ಮನೆ ಹೊಕ್ಕಿದ್ದ ಕ್ಯಾಥಲಿಕ್ ಸಂಸಾರವನ್ನ ಹೊರಗೆ ಹಾಕಿದ್ರು. ಶಾಸಕ ಆಸ್ಟಿನ್ ಕರಿ ಆ ಹುಡುಗಿಗೆ ಕೊಟ್ಟ ಮನೆಗೇ ನುಗ್ಗಿ ಕೂತ. ಅಕ್ಟೋಬರ್ 5ಕ್ಕೆ ಡೆರಿ ಮೆರವಣಿಗೆ, ಪೊಲೀಸ್ ಲಾಠಿ. 1969ರ ಆಗಸ್ಟಿಗೆ ಬ್ರಿಟಿಷ್ ಸೈನ್ಯ ಬೀದಿಗಿಳೀತು. 1971ರ ಆಗಸ್ಟ್ 9ರಂದು ವಿಚಾರಣೆಯಿಲ್ಲದ ಬಂಧನ: ಮೊದಲ ದಾಳಿಯಲ್ಲೇ 342 ಜನ, ಹಳೇ ಪಟ್ಟಿ ಹಿಡಿದು, ಕ್ಯಾಥಲಿಕ್ ಕಡೆಯವರನ್ನ. ಮುಂದಿನ ಜನವರಿ 30ಕ್ಕೆ ಡೆರಿಯಲ್ಲಿ ಸೈನಿಕರ ಗುಂಡಿಗೆ 13 ಜನ ಅವತ್ತೇ ಸತ್ತರು. ಬ್ರಿಟನ್ ವಿರುದ್ಧ ಬಂದೂಕು ಹಿಡಿದ ಗುಪ್ತಪಡೆ ಐಆರ್‌ಎಗೆ ಹುಡುಗರನ್ನ ಹುಡುಕೋ ಕಷ್ಟವೇ ಉಳೀಲಿಲ್ಲ.

ಇದನ್ನೆಲ್ಲ ಹೇಳಿದ್ರೆ 'ಆದ್ರೂ ಸಾರ್, ಚರ್ಚು, ಪಾದ್ರಿ' ಅಂತ ಒಬ್ಬ ಬಂದೇ ಬರ್ತಾನೆ. ಬರಲಿ. ಪ್ರಾಟೆಸ್ಟೆಂಟರ ನಾಯಕ ಇಯಾನ್ ಪೇಸ್ಲಿ ಪಾದ್ರಿಯೇ, ಸ್ವಂತ ಚರ್ಚೇ ಕಟ್ಟಿದವನು, 1988ರಲ್ಲಿ ಯುರೋಪಿಯನ್ ಪಾರ್ಲಿಮೆಂಟಿನಲ್ಲಿ ಪೋಪ್ ಎದುರಿಗೇ ಕೂಗಾಡಿದವನು. ಶಾಲೆ ಬೇರೆ, ಮದುವೆ ಬೇರೆ, ನಿಜ. ಆದರೆ ಅದೇ ಪೇಸ್ಲಿ 2007ರ ಮೇ 8ರಂದು ಹಿಂದೆ ಐಆರ್‌ಎ ಕಮಾಂಡರ್ ಆಗಿದ್ದ ಮಾರ್ಟಿನ್ ಮೆಕ್‌ಗಿನ್ನೆಸ್ ಜೊತೆ ಸರ್ಕಾರ ನಡೆಸೋಕೆ ಕೂತ. ಪ್ರಾರ್ಥನೆಯ ಒಂದಕ್ಷರವೂ ಬದಲಾಗಿರಲಿಲ್ಲ ಕಣ್ರೀ, ಲೆಕ್ಕ ಬದಲಾಗಿತ್ತು. 1967ರಲ್ಲಿ ಹುಟ್ಟಿದ ನಾಗರಿಕ ಹಕ್ಕುಗಳ ಸಂಘದ ಬೇಡಿಕೆ ತೆಗೆದು ನೋಡ್ರಿ: ಒಬ್ಬರಿಗೆ ಒಂದು ಓಟು, ನ್ಯಾಯವಾದ ವಾರ್ಡ್, ಮನೆ, ನೌಕರಿ, ವಿಚಾರಣೆಯಿಲ್ಲದೆ ಹಿಡಿದಿಡೋ ವಿಶೇಷಾಧಿಕಾರ ಕಾಯ್ದೆ ರದ್ದು, ಬಿ-ಸ್ಪೆಷಲ್ ಪೊಲೀಸ್ ಪಡೆ ವಿಸರ್ಜನೆ. ಇದರಲ್ಲಿ ದೇವರು ಎಲ್ಲಿದ್ದಾನೆ? ಧರ್ಮ ಬೇರೆ ಇದ್ದಷ್ಟಕ್ಕೇ ಕಿತ್ತಾಟ ಆಗೋದಾದ್ರೆ ಮುದಗಲ್ಲಿನ ಮೊಹರಂಗೆ ಅಷ್ಟು ಜನ ಹಿಂದೂಗಳು ಯಾಕೆ ಬರ್ತಾರೆ?

ಇನ್ನು 'ಪರಿಹಾರ: 1998'. ಎರಡೂ ಕಡೆಯವರು ಕೂಡಿ ಆಳೋ ಆ ಒಪ್ಪಂದ ದೊಡ್ಡದೇ, ಅದನ್ನ ಹಗುರ ಮಾಡಲ್ಲ. ಜನಮತದಲ್ಲಿ ಶೇ. 71 ಜನ ಹೌದು ಅಂದ್ರು. ಆದರೆ ಯಂತ್ರ ಹೆಂಗಿದೆ ನೋಡ್ರಿ. ಅಸೆಂಬ್ಲಿಗೆ ಗೆದ್ದ ಸದಸ್ಯ ತಾನು ಯೂನಿಯನಿಸ್ಟಾ (ಬ್ರಿಟನ್ ಜೊತೆಗೇ ಇರೋಣ ಅನ್ನೋನು), ನ್ಯಾಷನಲಿಸ್ಟಾ (ಒಂದೇ ಐರ್ಲೆಂಡ್ ಬೇಕು ಅನ್ನೋನು), 'ಇತರ'ನಾ ಅಂತ ಬರೆಸಬೇಕು. ಮುಖ್ಯ ವಿಷಯ ಪಾಸಾಗೋಕೆ ಎರಡೂ ಕಡೆಯವರ ಒಪ್ಪಿಗೆ ಬೇರೆಬೇರೆಯಾಗಿ ಬೇಕು. 'ಇತರ' ಅಂದವನ ಓಟು ಒಟ್ಟು ಮೊತ್ತಕ್ಕೆ ಮಾತ್ರ. ಅಂದ್ರೆ ಜಗಳದಿಂದ ಹೊರಗೆ ನಿಂತವನ ಬೆಲೆಯೇ ಕಡಿಮೆ! ಪ್ರಥಮ ಮಂತ್ರಿ, ಉಪ ಪ್ರಥಮ ಮಂತ್ರಿ ಅಂತ ಹೆಸರು ಬೇರೆ, ಅಧಿಕಾರ ಸಮ. ಒಬ್ಬ ರಾಜೀನಾಮೆ ಕೊಟ್ರೆ ಇನ್ನೊಬ್ಬನೂ ಖುರ್ಚಿ ಬಿಡಬೇಕು. 2017ರ ಜನವರಿಯಲ್ಲಿ ಮೆಕ್‌ಗಿನ್ನೆಸ್ ಎದ್ದುಹೋದ, ಮೂರು ವರ್ಷ ಸರ್ಕಾರವಿಲ್ಲ. 2022ರ ಫೆಬ್ರವರಿಯಲ್ಲಿ ಯೂನಿಯನಿಸ್ಟರ ಸರದಿ, ಮತ್ತೆ ಎರಡು ವರ್ಷ.

ಮನೆ ಹಂಚಿಕೆಯನ್ನ ಕೌನ್ಸಿಲ್‌ಗಳ ಕೈಯಿಂದ ಕಿತ್ತು 1971ರಲ್ಲೇ ಬೇರೆ ಮಂಡಳಿಗೆ ಕೊಟ್ರು, ಅಗತ್ಯ ನೋಡಿ ಅಂಕ ಕೊಡೋ ಪದ್ಧತಿ ಬಂತು. ಒಳ್ಳೇದಾಯ್ತು. ಆದರೆ ಅಷ್ಟರಲ್ಲಿ ರಾಜಧಾನಿ ಬೆಲ್‌ಫಾಸ್ಟಿನ ಕ್ಯಾಥಲಿಕ್, ಪ್ರಾಟೆಸ್ಟೆಂಟ್ ಬೀದಿಗಳ ನಡುವೆ ಗೋಡೆ ಎದ್ದಾಗಿತ್ತು. 2013ರಲ್ಲಿ ಅಲ್ಲಿನ ಸರ್ಕಾರ ಎಲ್ಲ ಗೋಡೆಗಳನ್ನ 2023ರೊಳಗೆ ತೆಗೀತೀವಿ ಅಂತು. 2023 ದಾಟಿ ಹೋಯ್ತು. ಕೆಲವು ಗೋಡೆಗಳ ಗೇಟಿಗೆ ಇವತ್ತಿಗೂ ರಾತ್ರಿ ಬೀಗ. ಉತ್ತರ ಬೆಲ್‌ಫಾಸ್ಟಿನಲ್ಲಿ ಮನೆಗಾಗಿ ಕಾಯೋರ ಸಾಲಿನಲ್ಲಿ ಕ್ಯಾಥಲಿಕರೇ ಹೆಚ್ಚು; ಖಾಲಿ ಜಾಗ ಗೋಡೆಯ ಆಚೆ ಬದಿಗಿದ್ರೆ ಅಲ್ಲಿ ಅವರಿಗೆ ಮನೆ ಕಟ್ಟೋಣ ಅನ್ನೋ ಮಾತೆತ್ತೋಕೂ ಜನ ಹೆದರ್ತಾರೆ.