ಬೇಕಲ ಕೋಟೆ ಯುನೆಸ್ಕೋ ಪಟ್ಟಿಯಲ್ಲಿಲ್ಲ

‘ಬೇಕಲ ಕೋಟೆ ವಿಶ್ವ ಪರಂಪರೆಯ ತಾಣವಾಯಿತು, ಇನ್ನು ಯುನೆಸ್ಕೋದಿಂದ ವರ್ಷಕ್ಕೆ ಕೋಟಿಗಟ್ಟಲೆ ಹಣ, ಸುತ್ತಲಿನ ಅಂಗಡಿಯವರಿಗೂ ಪಾಲು’ ಎಂಬ ಸಂದೇಶ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ.

ಕೇರಳದಿಂದ ಆ ಪಟ್ಟಿಯಲ್ಲಿರುವುದು ಪಶ್ಚಿಮ ಘಟ್ಟ ಮಾತ್ರ. 2012ರಲ್ಲಿ ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರದ ಕಾಡುಗಳೂ ಸೇರಿ ಒಟ್ಟು 39 ತಾಣಗಳಿಗೆ ಒಟ್ಟಿಗೆ ಆ ಮಾನ್ಯತೆ ಸಿಕ್ಕಿತು. ಬೇಕಲ ಕೋಟೆ ಭಾರತೀಯ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅದು ಬೇರೆ, ಇದು ಬೇರೆ.

ಇನ್ನು ಹಣದ ಮಾತು. ಪಟ್ಟಿಗೆ ಸೇರಿದರೂ ಯುನೆಸ್ಕೋ ವರ್ಷ ವರ್ಷ ದುಡ್ಡು ಕಳಿಸುವುದಿಲ್ಲ. ವಿಶ್ವ ಪರಂಪರೆ ನಿಧಿ ಅಂತ ಒಂದಿದೆ, ಆದರೆ ಅದು ಚಿಕ್ಕದು. ದೇಶದ ಸರ್ಕಾರ ಅರ್ಜಿ ಹಾಕಬೇಕು, ಅಪಾಯದಲ್ಲಿರುವ ತಾಣಗಳಿಗೆ ಮೊದಲ ಆದ್ಯತೆ. ಅಂಗಡಿಗಳಿಗೆ ಪಾಲು ಹಂಚುವ ಪದ್ಧತಿಯೇ ಇಲ್ಲ. ಕೋಟೆಯ ಟಿಕೆಟ್ ಹಣವೂ ಕೇಂದ್ರ ಸರ್ಕಾರಕ್ಕೆ ಹೋಗುತ್ತದೆ.

ಹಾಗಾದರೆ ಊರಿಗೆ ಲಾಭವೇ ಇಲ್ವಾ? ಇದೆ, ಆದರೆ ಅದು ಬರುವುದು ಪ್ರವಾಸಿಗರ ಜೇಬಿನಿಂದ. ಆಟೋ, ಹೋಟೆಲ್, ಎಳನೀರು, ರೂಮು. ಬಂದವರು ಒಂದು ರಾತ್ರಿ ಉಳಿದರೆ ಜಾಸ್ತಿ ಖರ್ಚು ಮಾಡುತ್ತಾರೆ, ಫೋಟೋ ತೆಗೆದು ಹೋದರೆ ಕಡಿಮೆ. ಬೇಕಲ ಪ್ರವಾಸೋದ್ಯಮಕ್ಕೆಂದೇ ಕೇರಳ ಸರ್ಕಾರ 1995ರಲ್ಲಿ ಪ್ರತ್ಯೇಕ ನಿಗಮ ಮಾಡಿದ್ದೂ ಇದಕ್ಕೇ ಅಲ್ವಾ?

ಯುನೆಸ್ಕೋ ಬಂದ ಕಾರಣ ಇನ್ನು ಹತ್ತಿರ ಮನೆ ಕಟ್ಟುವಂತಿಲ್ಲ ಎಂಬ ಸಾಲೂ ಕೆಲವು ಸಂದೇಶಗಳಲ್ಲಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ಇದು ನಮ್ಮ ದೇಶದ್ದೇ ಕಾನೂನು, 2010ರ ತಿದ್ದುಪಡಿಯಿಂದ ಜಾರಿಯಲ್ಲಿದೆ.

ಖುಷಿಯ ಸುದ್ದಿ ಅಂತ ಸುಮ್ನೆ ಮುಂದೆ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.