50 ಮಿಲಿಯನ್ ಪೌಂಡಿನ ಬುರುಡೆ

ಬ್ರಿಟನ್ನಿನ ಕಲಾವಿದ ಡೇಮಿಯನ್ ಹರ್ಸ್ಟ್ 2007ರಲ್ಲಿ ಒಂದು ತಲೆಬುರುಡೆ ಮಾಡಿಸಿದರು. ಪ್ಲಾಟಿನಮ್ ಎರಕ, ಅದರ ತುಂಬಾ 8,601 ವಜ್ರ. ಹಣೆ ಮೇಲೆ ದೊಡ್ಡದೊಂದು ಗುಲಾಬಿ ವಜ್ರ. ಹಲ್ಲು ಮಾತ್ರ ಅಸಲಿ, ಯಾವುದೋ ಕಾಲದಲ್ಲಿ ಸತ್ತವರದು. ಲಂಡನ್ನಿನ ವೈಟ್ ಕ್ಯೂಬ್ ಗ್ಯಾಲರಿ ಹೇಳಿದ ಬೆಲೆ 50 ಮಿಲಿಯನ್ ಪೌಂಡ್. ಆಗಿನ ಲೆಕ್ಕಕ್ಕೆ ಸುಮಾರು 400 ಕೋಟಿ ರೂಪಾಯಿ.

ಆಗಸ್ಟಿನಲ್ಲಿ ಸುದ್ದಿ ಬಂತು. ಮಾರಾಟ ಆಯ್ತು! ಕೊಂಡವರು ಯಾರಪ್ಪಾ ಅಂದ್ರೆ, ಹೂಡಿಕೆದಾರರ ಒಂದು ಕೂಟ. ಆ ಕೂಟದಲ್ಲಿ ಯಾರ್ಯಾರಿದ್ದರು? ಒಬ್ಬರು ಸ್ವತಃ ಹರ್ಸ್ಟ್. ಇನ್ನೊಬ್ಬರು ವೈಟ್ ಕ್ಯೂಬ್. ಉಳಿದವರ ಹೆಸರು ಕೇಳಬಾರದು.

ಸುಮ್ನೆ ನಗಬೇಡಿ, ಅನುಕೂಲ ನೋಡಿ. ಚೌಕಾಸಿಯ ಜಗಳವಿಲ್ಲ. ಸಾಗಾಟದ ಖರ್ಚಿಲ್ಲ. ಮಾಲು ಸರಿಯಿಲ್ಲ ಅಂತ ಗಿರಾಕಿ ಬಂದು ಬೈಯಬೇಕಾದರೂ ಕನ್ನಡಿ ಮುಂದೆಯೇ ನಿಂತು ಬೈಯಬೇಕು. ನಮ್ಮೂರ ಸಂತೆಯಲ್ಲಿ ಯಾರಾದರೂ ಹೀಗೆ ಕುರಿ ಮಾರಿದ್ದರೆ, ಪಾಪ, ಸಂಜೆ ಕುರಿ ಹೊಡ್ಕೊಂಡು ಮನೆಗೆ ವಾಪಸ್ ಬಂದ ಅಂತಿದ್ದೆವು. ಲಂಡನ್ನಿನಲ್ಲಿ ಅದು ದಾಖಲೆ ಮಾರಾಟ.

ಕಲಾಕೃತಿ ಮಾರುವ ಡೀಲರ್‌ಗಳ ಕಷ್ಟವೂ ಅರ್ಥ ಮಾಡ್ಕೋಬೇಕು, ಅಲ್ವಾ? ಈ ಪೇಟೆಯಲ್ಲಿ ರೇಟು ಏರಬಹುದು, ಇಳಿಯೋ ಹಾಗಿಲ್ಲ. ಬುರುಡೆಯ ರೇಟು ಬಿದ್ದರೆ, ಅದೇ ಕಲಾವಿದನ ಚುಕ್ಕಿ ಚಿತ್ರ, ಫಾರ್ಮಾಲಿನ್ (ಸತ್ತ ಪ್ರಾಣಿ ಕೊಳೆಯದಂತೆ ಕಾಯುವ ದ್ರಾವಣ) ತೊಟ್ಟಿಯ ಶಾರ್ಕು ಕೊಂಡು ಕೂತ ಶ್ರೀಮಂತರ ಎದೆ ಧಸಕ್ ಅನ್ನುತ್ತೆ. ಅದಕ್ಕೇ ಹರಾಜಿನಲ್ಲಿ ಡೀಲರ್‌ಗಳೇ ಕೈಯೆತ್ತಿ ತಮ್ಮ ಕಲಾವಿದರ ರೇಟು ಕಾಯುವುದುಂಟು. ಶೇರು ಪೇಟೆಯಲ್ಲಿ ಹೀಗೆ ಮಾಡಿದರೆ ನೋಟಿಸ್ ಬರುತ್ತೆ. ಇಲ್ಲಿ ಶಾಂಪೇನ್ ಬರುತ್ತೆ.

2022ರಲ್ಲಿ ಹರ್ಸ್ಟ್ ಅವರೇ ನ್ಯೂಯಾರ್ಕ್ ಟೈಮ್ಸ್‌ಗೆ ವಿಷಯ ಹೇಳಿದರು. ಬುರುಡೆ ಇನ್ನೂ ಲಂಡನ್ನಿನ ವಜ್ರದ ಪೇಟೆ ಹ್ಯಾಟನ್ ಗಾರ್ಡನ್‌ನಲ್ಲೇ ಭದ್ರವಾಗಿದೆಯಂತೆ. ಮಾಲೀಕರು ಅವರು, ವೈಟ್ ಕ್ಯೂಬ್ ಮತ್ತು ಹೆಸರಿಲ್ಲದ ಕೆಲವರು. ಹದಿನೈದು ವರ್ಷ ಬೆಲೆ ಮಾತ್ರ ಲೋಕವೆಲ್ಲ ಸುತ್ತಾಡಿತ್ತು.

2024ರಲ್ಲಿ ಇನ್ನೊಂದು ತಮಾಷೆ. 1990ರ ದಶಕದ ಇಸವಿ ಹೊತ್ತ ಹರ್ಸ್ಟ್ ಅವರ ಕೆಲವು ಫಾರ್ಮಾಲಿನ್ ಕೃತಿಗಳು ತಯಾರಾಗಿದ್ದು 2017ರಲ್ಲಿ ಅಂತ ಗಾರ್ಡಿಯನ್ ಪತ್ರಿಕೆ ಬರೆಯಿತು. ಅವರ ಕಂಪನಿ ತಣ್ಣಗೆ ಉತ್ತರಿಸಿತು: ಇಸವಿ ಅಂದರೆ ಕೃತಿಯ ಕಲ್ಪನೆ ಹುಟ್ಟಿದ ಇಸವಿ.

ಸರಿಯಾಗೇ ಇದೆ. 2007ರ ಮಾರಾಟವನ್ನೂ ಹಾಗೇ ಲೆಕ್ಕ ಹಾಕಿದರಾಯ್ತು. ಮಾರುವ ಕಲ್ಪನೆ ಅದೇ ವರ್ಷ ಹುಟ್ಟಿತ್ತು. ಗಿರಾಕಿ ಇನ್ನೂ ಹುಟ್ಟಬೇಕು, ಅಷ್ಟೇ.